ಮೇಡಂ ಅವರ ಊಟದ ಡ್ಯೂಟಿ ಚಾರ್ಟ್

ಜೂನ್ 3, ಮಂಗಳವಾರ. ಬೆಳಿಗ್ಗೆ 8.10
ಬೇಯಿಸಿ ಕಿವುಚಿದ ಕ್ಯಾರೆಟ್: ಎರಡು ಚಮಚ ಒಳಗೆ, ಆರು ಚಮಚ ನನ್ನ ಅಂಗಿಗೆ. ಅರ್ಧ ಮೊಟ್ಟೆ ಕುರ್ಚಿಯ ಕೆಳಗೆ. ಜಪ್ಪಯ್ಯ ಅಂದರೂ ಮೇಡಂ ಬಾಯಿ ತೆರೆಯಲಿಲ್ಲ. ಇಪ್ಪತ್ತು ತಿಂಗಳ ಮಗಳನ್ನು ಮೇಡಂ ಅಂತ ಕರೆಯಲು ಶುರು ಮಾಡಿದವನು ನಾನೇ. ಈಗ ಅನುಭವಿಸಬೇಕು.

ಅದೇ ದಿನ, ಸಂಜೆ
ಮಕ್ಕಳ ಡಾಕ್ಟರು ತೂಕ ನೋಡಿದರು. 9.1 ಕೆ.ಜಿ. ಎರಡು ತಿಂಗಳಿಂದ ಅಲ್ಲೇ ನಿಂತಿದೆ. "ಆರು ವಾರ ನೋಡೋಣ. ಏರಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಸೇರಿಸಿ ಎಲ್ಲಾ ಟೆಸ್ಟ್ ಮಾಡಿಸ್ಬೇಕಾಗುತ್ತೆ."
ಹೆಂಡತಿ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ನಾನು ಕೆಲಸಕ್ಕೆ ವಾಪಸ್ ಹೋಗಿದ್ದೇ ತಪ್ಪು. ಆರು ವಾರ ಕಳೆದ್ರೂ ಹೀಗೇ ಇದ್ರೆ ಬಿಟ್ಟುಬಿಡ್ತೀನಿ ಕಣ್ರೀ" ಅಂದಳು.
ಲ್ಯಾಬಿನ ಕೆಲಸ ಅಂದರೆ ಅವಳಿಗೆ ಜೀವ. ನನಗೆ ಹೆದರಿಕೆ, ಎರಡಕ್ಕೂ.

ಜೂನ್ 5
ಬಸ್ ಡಿಪೋದಲ್ಲಿ ನೂರಾಹತ್ತು ಡ್ರೈವರುಗಳಿಗೆ ಡ್ಯೂಟಿ ಹಾಕುವವನು ನಾನು. ಒಂದು ಪುಟ್ಟ ಹೊಟ್ಟೆಗೆ ಹಾಕಲಾರೆನೇ?
ಚಾರ್ಟು ಫ್ರಿಜ್ಜಿನ ಬಾಗಿಲು ಏರಿತು. ಎಂಟಕ್ಕೆ ಮೊಟ್ಟೆ, ಚಪಾತಿ ಚೂರು. ಹನ್ನೊಂದಕ್ಕೆ ಹಣ್ಣು. ಒಂದಕ್ಕೆ ಅನ್ನ, ಬೇಳೆ, ಸೊಪ್ಪು, ಮೇಲೆ ತುಪ್ಪ. ನಾಲ್ಕಕ್ಕೆ ಮೊಸರು. ಏಳಕ್ಕೆ ತರಕಾರಿ ಹಾಕಿದ ಮೆತ್ತನೆ ಅನ್ನ. ಪ್ರೊಟೀನ್ ಹಸಿರು ಪೆನ್ನು, ಕಬ್ಬಿಣ ಕೆಂಪು. ಪ್ರತಿ ಊಟಕ್ಕೂ ಒಬ್ಬರ ಡ್ಯೂಟಿ. ಉಣಿಸಿದವರು ಸಹಿ ಹಾಕಬೇಕು.
ಹಗಲೆಲ್ಲ ಮಗು ನೋಡಿಕೊಳ್ಳುವ ಅತ್ತೆ ಕನ್ನಡಕ ಏರಿಸಿ ಓದಿದರು. "ನಾಲ್ಕು ಮಕ್ಕಳನ್ನ ಸಾಕಿದ್ದೀನಿ ಅಳಿಯಂದ್ರೇ, ಒಬ್ಬರಿಗೂ ಸಹಿ ಹಾಕಿರ್ಲಿಲ್ಲ."
ಆದರೂ ಹಾಕುತ್ತಿದ್ದಾರೆ. ಚೌಕಕ್ಕೂ ಮೀರಿದ ಉದ್ದದ ಸಹಿ.

ಜೂನ್ 12
ಪಾಲಕ್, ತುಪುಕ್. ಕುಂಬಳಕಾಯಿ, ತುಪುಕ್. ಬೇಳೆ ನೆಲಕ್ಕೆ. ಎಲ್ಲ ಚೌಕದಲ್ಲೂ ಸಹಿ ಇದೆ, ಪಕ್ಕದಲ್ಲಿ "ಎರಡು ತುತ್ತು".

ಜೂನ್ 21
9.1. ಹೆಂಡತಿ ರಾಜೀನಾಮೆ ಪತ್ರ ಟೈಪ್ ಮಾಡಿಟ್ಟಿದ್ದಾಳೆ. ಓದಿ ಅಂತ ಫೋನು ಕೊಟ್ಟಳು. ಓದಲಾಗಲಿಲ್ಲ.

ಜೂನ್ 23, ಮಧ್ಯಾಹ್ನ
ರಜೆ ಹಾಕಿ ಮನೆಯಲ್ಲೇ ಕೂತೆ. ಹತ್ತೂವರೆಗೆ ಅತ್ತೆ ಹಾಲಿನ ಬಾಟಲಿ ಕೊಟ್ಟರು. ಮೇಡಂ ಗಟಗಟ ಮುಗಿಸಿದರು. ಹನ್ನೆರಡೂವರೆಗೆ ಇನ್ನೊಂದು.
"ಅತ್ತೆ, ಇದು ಚಾರ್ಟಲ್ಲಿ ಎಲ್ಲಿದೆ?"
"ಹಾಲು ಊಟಾನಾ? ಏನೂ ತಿಂದಿಲ್ವಲ್ಲ ಪಾಪ ಅಂತ ಕೊಟ್ಟೆ. ನೀವು ಬೆಳಿಗ್ಗೆ ಆರಕ್ಕೆ ಕೊಡಲ್ವಾ?"
ಕೊಡುತ್ತೇನೆ. ಸ್ನಾನ ಮುಗಿಸುವವರೆಗೆ ಸುಮ್ಮನಿರಲಿ ಅಂತ.
ಹೆಂಡತಿಗೆ ಫೋನ್ ಮಾಡಿದೆ. ಅವಳೂ ಒಪ್ಪಿಕೊಂಡಳು: "ಬಂದ ತಕ್ಷಣ ಒಂದು, ಮಲಗಿಸೋವಾಗ ಒಂದು. ದಿನವಿಡೀ ಬಿಟ್ಟಿರ್ತೀನಲ್ಲ, ಅದಕ್ಕೇ..."
ಐದು ಬಾಟಲಿ. ಒಂದಕ್ಕೂ ಸಹಿ ಇಲ್ಲ. ಡಿಪೋದಿಂದ ಮೊದಲ ಸ್ಟಾಪಿನವರೆಗೆ ಬಸ್ಸು ಖಾಲಿ ಓಡುತ್ತದೆ, ಡೆಡ್ ಟ್ರಿಪ್. ಅದನ್ನು ಚಾರ್ಟಲ್ಲಿ ತೋರಿಸದ ಗುಮಾಸ್ತರಿಗೆ ಹತ್ತು ವರ್ಷದಿಂದ ಉಗಿಯುತ್ತಿರುವವನು ನಾನು. ಬೆಪ್ಪುತಕ್ಕಡಿ.

ಜೂನ್ 24
ಡಾಕ್ಟರು ಫೋನಿನಲ್ಲೇ ನಕ್ಕರು. "ಹೊಟ್ಟೆ ತುಂಬಾ ಹಾಲಿದ್ರೆ ಹಸಿವು ಎಲ್ಲಿಂದ ಬರುತ್ತೆ? ದಿನಕ್ಕೆ ಎರಡು ಸಣ್ಣ ಲೋಟ ಸಾಕು. ಊಟ ಆದ್ಮೇಲೆ." ಬಾಟಲಿಗಳು ಅಟ್ಟಕ್ಕೆ.

ಜೂನ್ 26
ಮೂರು ದಿನದಿಂದ ಮನೆ ರಣರಂಗ. ಮೇಡಂ ಅಟ್ಟದ ಕಡೆ ಕೈ ಚಾಚಿ ಅಳುತ್ತಾರೆ. "ಕರುಳು ಅನ್ನೋದೇ ಇಲ್ವಾ ನಿಮಗೆ?" ಅಂದರು ಅತ್ತೆ. ಇದೆ. ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟು ನಾನೂ ಅತ್ತುಬಿಟ್ಟೆ.

ಜೂನ್ 29
ಅರ್ಧ ಬಟ್ಟಲು ಅನ್ನ-ಬೇಳೆ. ತನ್ನ ಕೈಯಿಂದಲೇ. ಕೂದಲಿಗೆ ಹೋಗಿದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಜುಲೈ 15, ಸಂಜೆ 6.40
9.4! ಡಾಕ್ಟರು ಟೆಸ್ಟ್ ಚೀಟಿ ಬರೆಯಲಿಲ್ಲ. "ಹೀಗೇ ನಡೀಲಿ" ಅಂದರು. ಹೆಂಡತಿ ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತು ನನ್ನ ತೋಳು ಗಟ್ಟಿಯಾಗಿ ಹಿಡಿದಳು. "ನಾಳೆ ಲ್ಯಾಬಲ್ಲಿ ಮೊದಲನೇ ಶಿಫ್ಟು ನಂದು. ಬೇಗ ಎಬ್ಬಿಸ್ರೀ." ಅಷ್ಟೇ. ನನಗೆ ಅಷ್ಟು ಸಾಕು.
ಏಳರ ಊಟ ಇನ್ನೂ ಒಲೆಯ ಮೇಲಿದೆ. ಮೇಡಂ ಖಾಲಿ ಬಟ್ಟಲು ಹಿಡಿದು ಬಂದು ನನ್ನ ಮಂಡಿಗೆ ಕುಟ್ಟುತ್ತಿದ್ದಾರೆ. "ಅಪ್ಪಾ, ಅನ್ನ." ತಾನಾಗಿ ಊಟ ಕೇಳಿದ್ದು ಇದೇ ಮೊದ—