ಹಿಂದಿನಿಂದ ಬಂದ ಬೆಳಕು

ಆಗಸ್ಟ್ 17, ಭಾನುವಾರ

ಶ್ರೀರಂಗಪಟ್ಟಣದ ಮದುವೆ ಮುಗಿಸಿ ನಾಲ್ಕಕ್ಕೆ ಅಂಗಡಿಗೆ ಬಂದೆ. ಫೋಟೋ ಎಲ್ಲ ಕಂಪ್ಯೂಟರಿಗೆ ಹಾಕಿದೆ. ಬ್ಯಾಟರಿ ಚಾರ್ಜಿಗಿಟ್ಟೆ. ಪಾಂಡವಪುರದಲ್ಲಿ ಸ್ಟುಡಿಯೋ ತೆರೆದು ಇಪ್ಪತ್ತೆರಡು ವರ್ಷ — ಅಂದಿನಿಂದ ಇದೇ ಕ್ರಮ.

ಮಗಳು ಮೇಘನ ಕಾಫಿ ತಂದಳು. ಮೊಬೈಲ್ ಮುಂದೆ ಹಿಡಿದಳು. "ಅಪ್ಪ, ಅರ್ಪಿತಕ್ಕ ಮೇಲುಕೋಟೇಲಿ ತೆಗ್ದಿರೋದು ನೋಡು."

ಮದುವೆ ಹೆಣ್ಣು, ಕಲ್ಯಾಣಿಯ ಮೆಟ್ಟಿಲು. ಹಿಂದಿನಿಂದ ಬೆಳಕು ಬಂದು ಮಲ್ಲಿಗೆ ದಂಡೆ, ಜುಮುಕಿ, ಕೂದಲಿನ ಅಂಚು ಎಲ್ಲ ಹೊಳೆಯುತ್ತಿದೆ. ಮುಖದ ಮೇಲೆ ಮಾತ್ರ ಮೆತ್ತಗಿನ ಬೆಳಕು. ಬಿಸಿಲಲ್ಲ, ಆಕಾಶ ಕಪ್ಪಾಗಿದೆ. ಫ್ಲ್ಯಾಶ್. ನನ್ನ ಹಾಗೆ ಕ್ಯಾಮೆರಾದ ತಲೆ ಮೇಲೆ ಕೂರಿಸಿದ್ದಲ್ಲ, ದೂರ ಎಲ್ಲೋ ಸ್ಟ್ಯಾಂಡಿಗೆ ಹಾಕಿ ನಿಲ್ಲಿಸಿದ್ದು.

"ಚೆನ್ನಾಗಿದೆ" ಅಂದೆ. ಅನ್ನಲೇಬೇಕಿತ್ತು. ಹೊಟ್ಟೆ ಉರಿಯಿತು.

ಅರ್ಪಿತ ನನ್ನ ಅಕ್ಕನ ಮಗಳು, ಬಿಂಡಿಗನವಿಲೆಯವಳು. ಹತ್ತನೇ ಕ್ಲಾಸಿನಲ್ಲಿದ್ದಾಗ ನನ್ನ ಹಳೇ ಕ್ಯಾಮೆರಾ ಕೊಟ್ಟು ಫೋಕಸ್ ಅಂದರೇನು ಎಂದು ಕಲಿಸಿದವನು ನಾನು. ಈಗ ನಾಗಮಂಗಲದಲ್ಲಿ ಅವಳದೇ ಸ್ಟುಡಿಯೋ. ಕಾಫಿ ಆರಿಹೋಯಿತು.

ಆಗಸ್ಟ್ 24

ಮೇಘನಳ ಮದುವೆ ನಿಶ್ಚಯವಾಯಿತು. ನವೆಂಬರ್ 23, ನಾಗಮಂಗಲದ ಛತ್ರ. ಊಟಕ್ಕೆ ಕೂತಾಗ ಬಾಂಬ್ ಹಾಕಿದಳು — ಫೋಟೋ ಅರ್ಪಿತಕ್ಕ ತೆಗೆಯಬೇಕಂತೆ.

"ನಿನ್ ಫೋಟೋದಲ್ಲಿ ಎಲ್ರೂ ಮುಖಕ್ಕೆ ಸುಣ್ಣ ಬಳ್ದಂಗ್ ಕಾಣ್ತಾರೆ ಕಣಪ್ಪ. ಬೇಜಾರ್ ಮಾಡ್ಕೋಬೇಡ."

ಬೇಜಾರೇ! ಅವಳು ಹುಟ್ಟಿದ ದಿನದ ಫೋಟೋ ನನ್ನದು. ಮೊದಲ ಹೆಜ್ಜೆ ನನ್ನದು. ಮದುವೆ ಫೋಟೋನೂ ನಾನೇ ತೆಗೆಯುವುದು ಅಂತ ಅವಳು ತೊಟ್ಟಿಲಲ್ಲಿದ್ದಾಗಲೇ ಊರಿಗೆಲ್ಲ ಹೇಳಿದ್ದೆ. "ಮೂರು ತಿಂಗಳಿದೆ. ಆ ಬೆಳಕು ನಾನೂ ಕಲಿಯುತ್ತೇನೆ. ನೋಡಿ ಆಮೇಲೆ ಹೇಳು" ಅಂದೆ. ಆಗಲಿ ಅಂದಳು, ಅಯ್ಯೋ ಪಾಪ ಎನ್ನುವ ಹಾಗೆ.

ಸೆಪ್ಟೆಂಬರ್ 9

ಪಿತೃಪಕ್ಷ. ಮದುವೆ ಇಲ್ಲ. ಮೈಸೂರಿಗೆ ಹೋಗಿ ಎರಡು ಫ್ಲ್ಯಾಶ್, ಒಂದು ಟ್ರಿಗರ್ ತಂದೆ. ಅರ್ಪಿತ ಬಳಸುವ ಕಂಪನಿಯದೇ ಕೇಳಿ ತಂದೆ, ಅವಳಿಗಿಂತ ಒಂದು ಗುಲಗಂಜಿ ಕಡಿಮೆ ಆಗಬಾರದು.

ಮರೆಯದಂತೆ ಬರೆದಿಡುತ್ತೇನೆ. ಟ್ರಿಗರ್ ಎಂಬ ಡಬ್ಬಿ ಕ್ಯಾಮೆರಾದ ಮೇಲೆ ಕೂರುತ್ತದೆ. ಬಟನ್ ಒತ್ತಿದರೆ ವೈರ್ ಇಲ್ಲದೆ ದೂರದ ಫ್ಲ್ಯಾಶ್ ಹೊಡೆಯುತ್ತದೆ. ಚಾನೆಲ್ ನಂಬರ್ ಟ್ರಿಗರಿನಲ್ಲೂ ಫ್ಲ್ಯಾಶಿನಲ್ಲೂ ಒಂದೇ ಇರಬೇಕು. ಅಂಗಡಿಯವನು ಒಂದನೇ ನಂಬರಿಗೆ ಇಟ್ಟುಕೊಟ್ಟ. ನಾನು ಮುಟ್ಟಲಿಲ್ಲ.

ಸೆಪ್ಟೆಂಬರ್ 11

ಅವ್ವನನ್ನು ಸ್ಟುಡಿಯೋದಲ್ಲಿ ಕೂರಿಸಿ ಪ್ರಾಕ್ಟೀಸ್. ಫ್ಲ್ಯಾಶನ್ನು ನೇರ ಮುಖಕ್ಕೆ ಹೊಡೆಯಬಾರದು, ಗೋಡೆಗೆ ಹೊಡೆದು ತಿರುಗಿ ಬರುವ ಬೆಳಕು ಮೆತ್ತಗಿರುತ್ತದೆ ಅಂತ ಯೂಟ್ಯೂಬಿನವನು ಹೇಳಿದ್ದ. ಹೊಡೆದೆ. ಅವ್ವ ಹಸಿರಾದಳು. ಮರೆತಿದ್ದೆ — ಗೋಡೆಗೆ ಹಸಿರು ಬಣ್ಣ ಬಳಿಸಿದವನು ನಾನೇ.

"ಏನ್ಲಾ ಅಶೋಕ, ಸತ್ತ್ ಹೆಣದಂಗ್ ಮಾಡ್ಬುಟ್ಟಿದ್ದೀಯಲ್ಲೋ ನನ್ನ! ಅರ್ಪಿತನ್ನ ಒಂದ್ ಮಾತ್ ಕೇಳ್ಬಾರ್ದಾ?"

"ಅವಳನ್ನೇನು ಕೇಳುವುದು?" ಅಂದೆ. ಜೋರಾಗಿ ಅಂದೆ ಅಂತ ಕಾಣುತ್ತದೆ. ಅವ್ವ ಎದ್ದು ಹೋದಳು.

ಸೆಪ್ಟೆಂಬರ್ 28

ತೊಣ್ಣೂರು ಕೆರೆ. ಮದುವೆಗೆ ಮುಂಚಿನ ಶೂಟ್, ಒಂದು ಜೋಡಿ. ಫ್ಲ್ಯಾಶ್ ಹೊಡೆಯಿತು, ಆದರೆ ಪ್ರತಿ ಫೋಟೋದಲ್ಲೂ ಕೆಳಗಿನ ಅರ್ಧ ಕಪ್ಪು ಪಟ್ಟಿ. ಗಂಡಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲ. ಹುಡುಗಿ ನಕ್ಕಳು. ಬಿಸಿಲು ಜಾಸ್ತಿ ಅಂತ ಸಬೂಬು ಹೇಳಿದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಮನೆಗೆ ಬಂದು ಹುಡುಕಿದರೆ, ಫ್ಲ್ಯಾಶ್ ಹಾಕಿದಾಗ ಶಟರ್ ಸ್ಪೀಡ್ ಇನ್ನೂರು ದಾಟಬಾರದಂತೆ, ದಾಟಿದರೆ ಶಟರ್ ಅರ್ಧ ಮುಚ್ಚಿರುವಾಗಲೇ ಫ್ಲ್ಯಾಶ್ ಹೊಡೆಯುತ್ತದಂತೆ. ನಾನು ಸಾವಿರಕ್ಕೆ ಇಟ್ಟಿದ್ದೆ. ಅರ್ಪಿತಳಿಗೆ ಫೋನ್ ಮಾಡಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. ನಂಬರ್ ತನಕ ಹೋಗಿ ಬಂದೆ. ಒತ್ತಲಿಲ್ಲ.

ಅಕ್ಟೋಬರ್ 26, ಭಾನುವಾರ

ಕೆ.ಆರ್.ಪೇಟೆ. ಗಂಡಿನ ಕಡೆಗೆ ನಾನು. ಛತ್ರದ ಒಳಗೆ ಕಾಲಿಟ್ಟರೆ ಹೆಣ್ಣಿನ ಕಡೆಗೆ — ಅರ್ಪಿತ! "ಮಾವ, ನೀವೂ ಸ್ಟ್ಯಾಂಡ್ ತಂದಿದ್ದೀರಾ!" ಅಂತ ಖುಷಿಯಿಂದ ಬಂದಳು. ಅಣಕವೋ ಏನೋ. ಹೂಂ ಅಂದು ನನ್ನ ಕೆಲಸ ನೋಡಿಕೊಂಡೆ. ಒಂದು ಫ್ಲ್ಯಾಶ್ ಮಂಟಪದ ಎಡಕ್ಕೆ. ಇನ್ನೊಂದು ಮಂಟಪದ ಹಿಂದೆ, ಅವಳ ಸ್ಟ್ಯಾಂಡಿನ ಪಕ್ಕದಲ್ಲೇ. ಗಡಿಬಿಡಿಯಲ್ಲಿ ಸ್ವಿಚ್ ಒತ್ತಿ ಓಡಿದೆ.

ಧಾರೆಯ ಹೊತ್ತು. ಒತ್ತಿದೆ. ಸ್ಕ್ರೀನ್ ನೋಡಿದೆ. ಕಾಯಿ ಹಿಡಿದ ಕೈ, ಮೇಲಿಂದ ಸುರಿಯುವ ಹಾಲು, ಹಾಲಿನ ಅಂಚಿಗೆ ಹಿಂದಿನ ಬೆಳಕು. ಹೆಣ್ಣಿನ ಕೆನ್ನೆ ಮೇಲೆ ಚಿನ್ನದ ಗೆರೆ. ಬಂತು. ನನಗೂ ಬಂತು!

ಅಕ್ಟೋಬರ್ 29

ಆ ಫೋಟೋ ದೊಡ್ಡದು ಮಾಡಿಸಿ ಅಂಗಡಿಯ ಗಾಜಿನೊಳಗೆ ನಿಲ್ಲಿಸಿದೆ. ಕೆಳಗೆ ನನ್ನ ಹೆಸರಿನ ಚೀಟಿ.

ಮೇಘನ ಬಂದು ನೋಡಿದಳು. "ಅಪ್ಪ, ಇದು ನೀನೇ ತೆಗ್ದಿದ್ದಾ?"

"ಮತ್ತೆ ನಿಮ್ಮ ಅರ್ಪಿತಕ್ಕ ತೆಗೆದಳಾ?"

"ಬುಡಪ್ಪ, ನನ್ ಮದ್ವೆ ಫೋಟೋ ನೀನೇ ತೆಗಿ."

ಗೆದ್ದೆ. ಎರಡು ಮುದ್ದೆ ಜಾಸ್ತಿ ಉಂಡೆ.

ನವೆಂಬರ್ 3

ಬರೆಯಲೋ ಬೇಡವೋ. ಯಾರು ಓದುತ್ತಾರೆ, ಬರೆಯುತ್ತೇನೆ.

ಬೆಳಿಗ್ಗೆ ಎರಡನೇ ಫ್ಲ್ಯಾಶ್ ತೆಗೆದೆ, ಕೆ.ಆರ್.ಪೇಟೆಯಲ್ಲಿ ಹಿಂದೆ ನಿಲ್ಲಿಸಿದ್ದು. ಉರಿಯಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಬ್ಯಾಟರಿಯೇ ಇಲ್ಲ. ಅದರ ನಾಲ್ಕೂ ಬ್ಯಾಟರಿ ಆ ಭಾನುವಾರದ ಹಿಂದಿನ ರಾತ್ರಿಯಿಂದ ಚಾರ್ಜರಿನಲ್ಲೇ ಇವೆ.

ಹಾಗಾದರೆ ಹಿಂದಿನಿಂದ ಬೆಳಕು ಕೊಟ್ಟವರು ಯಾರು?

ಅರ್ಪಿತ. ಒಂದೇ ಕಂಪನಿ. ಅವಳದೂ ಚಾನೆಲ್ ಒಂದಿರಬೇಕು. ನಾನು ಒತ್ತಿದಾಗಲೆಲ್ಲ ಅವಳ ಫ್ಲ್ಯಾಶ್ ಹೊಡೆದಿದೆ. ಗಾಜಿನ ಮುಂದೆ ಇಪ್ಪತ್ತು ಜನ ನಿಂತು ನೋಡಿದ ಬೆಳಕು ಅವಳದು.

ಫೋಟೋ ತೆಗೆದಿಡಲು ಎದ್ದೆ. ಮೇಘನ ಗೆಳತಿಯರನ್ನು ಕರೆದುಕೊಂಡು ಬಂದಳು, ತೋರಿಸಲು. ಕೂತುಬಿಟ್ಟೆ.

ನವೆಂಬರ್ 5

ಅರ್ಪಿತ ಬಂದಿದ್ದಳು. ಮುಖ ಬಾಡಿತ್ತು. ಕೆ.ಆರ್.ಪೇಟೆಯ ಹೆಣ್ಣಿನ ಕಡೆಯವರು ಬೈದರಂತೆ.

"ನನ್ ಫ್ಲ್ಯಾಶು ತಾನಾಗ್ ತಾನೇ ಹೊಡ್ಕೊತಿತ್ತು ಮಾವ. ಧಾರೆ ಶುರುವಾಗಿ ಐದ್ ನಿಮ್ಷಕ್ಕೆ ಬ್ಯಾಟ್ರಿ ಖಾಲಿ. ಹುಡ್ಗಿ ತಾತ ಧಾರೆ ಎರ್ದಿದ್ದು ಕಪ್ಪಗ್ ಬಂದ್ಬುಡ್ತು. ಆ ವಯ್ಯ ಇನ್ನೆಷ್ಟ್ ದಿನ ಇರ್ತದೋ ಅಂತ ಅವ್ರು ಅತ್ತೇಬುಟ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಟ್ರಿಗರಿನ ಮೇಲೆ ಹೋಯಿತು. ಮೇಜಿನ ಮೇಲಿತ್ತು. ಪೇಪರ್ ಮುಚ್ಚಿದೆ. "ರಿಪೇರಿಗೆ ಕೊಡಮ್ಮ" ಅಂದೆ. ನನ್ನ ಬಾಯಿಂದಲೇ ಬಂತು.

ಹೋಗುವಾಗ ಮೇಘನಳ ಜೊತೆ ಗಾಜಿನ ಮುಂದೆ ನಿಂತಳು. ತುಂಬಾ ಹೊತ್ತು. "ಚೆನ್ನಾಗದೆ ಮಾವ" ಅಂದಳು.

ನಾಚಿಕೆ ಆಯಿತು. ಅದರ ಒಳಗೆ ಒಂದು ಚೂರು ಸಂತೋಷವೂ ಇತ್ತು — ಅವಳಿಗೂ ಬೈದರು. ಥೂ.

ನವೆಂಬರ್ 12

ಹೆಂಡತಿ ಕೇಳಿದಳು: "ಮಗ್ಳ್ ಮದ್ವೆ ದಿನ ಕ್ಯಾಮ್ರಾ ನೀವಿಡ್ಕಂಡ್ರೆ ಧಾರೆ ಎರೆಯೋರ್ ಯಾರು?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ! ನೂರಾರು ಧಾರೆ ಕ್ಯಾಮೆರಾದಲ್ಲಿ ನೋಡಿದವನು. ಹೆಣ್ಣಿನ ಅಪ್ಪ ಎಲ್ಲಿ ನಿಲ್ಲುತ್ತಾನೆ, ಕೈ ಎಲ್ಲಿರುತ್ತದೆ, ಎಲ್ಲ ಗೊತ್ತು. ಆ ಅಪ್ಪ ನಾನೇ ಅನ್ನುವುದೊಂದು ಗೊತ್ತಿರಲಿಲ್ಲ.

"ಹೊನ್ನಪ್ಪಣ್ಣ ಎರೆಯಲಿ, ದೊಡ್ಡಪ್ಪ ಅಲ್ಲವಾ" ಅಂದೆ.

ಸೌಟು ಕುಕ್ಕಿದಳು. "ಬದ್ಕಿರೋ ಅಪ್ಪ ಪಟ ಹೊಡ್ಕೊಂಡ್ ನಿಂತಿರ್ಲಿ, ದೊಡ್ಡಪ್ಪ ಧಾರೆ ಎರೀಲಿ ಅಂತೀರಾ? ಅದೆಂಥಾ ಹೊಟ್ಟೆಕಿಚ್ಚು ರೀ ನಿಮ್ದು, ಆ ಅರ್ಪಿತ ಮಗೀನ್ ಮೇಲೆ!"

ಇವಳಿಗೆ ಗೊತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತು ಅಂತ ಕಾಣುತ್ತದೆ.

ಅರ್ಪಿತಳಿಗೆ ಫೋನ್ ಮಾಡಿದೆ. "ಧಾರೆ ಮಾತ್ರ ನೀನು ತೆಗೆಯಮ್ಮ." "ಆಯ್ತು ಮಾವ" ಅಂದಳು. ಮೇಘನ ಕುಣಿದಳು, ನಮ್ಮಪ್ಪನ ಮನಸ್ಸು ಎಷ್ಟು ದೊಡ್ಡದು ಅಂತ ಬೀಗರ ಮನೆಗೂ ಹೇಳಿದಳಂತೆ. ಬ್ಯಾಟರಿ ಚಾರ್ಜಿಗಿಡುವ ನೆಪದಲ್ಲಿ ಎದ್ದು ಹೋದೆ.

ನವೆಂಬರ್ 22, ಶನಿವಾರ, ಸಂಜೆ 5

ನಾಗಮಂಗಲ, ಛತ್ರದ ಮೇಲಿನ ರೂಮು. ಕೆಳಗೆ ಆರತಕ್ಷತೆಗೆ ಹೂವು ಕಟ್ಟುತ್ತಿದ್ದಾರೆ. ನನ್ನ ಫ್ಲ್ಯಾಶ್ ನಿಲ್ಲಿಸಿ ಬಂದೆ. ಬ್ಯಾಟರಿ ಮೂರು ಸಲ ನೋಡಿದೆ.

ಅರ್ಪಿತ ತನ್ನ ಸ್ಟ್ಯಾಂಡ್ ತಂದಳು. "ಮಾವ, ನೀವು ಒಂದ್ರಲ್ಲೇ ಇರಿ. ನಾನು ಒಂಬತ್ತಕ್ಕೆ ಹಾಕ್ಕೊಂಡಿವ್ನಿ."

"ಏನು ಒಂಬತ್ತು?"

"ಚಾನೆಲ್ಲು. ಕೆ.ಆರ್.ಪೇಟೇದು ಗೊತ್ತಾದ್ಮೇಲೆ ಒಂದಕ್ಕೆ ಹೋಗೇ ಇಲ್ಲ."

ನನ್ನ ಮುಖ ನೋಡಲಿಲ್ಲ. ಸ್ಟ್ಯಾಂಡಿನ ಸ್ಕ್ರೂ ಬಿಗಿ ಮಾಡುತ್ತಿದ್ದಳು.

"ಯಾವಾಗ ಗೊತ್ತಾಯ್ತು?"

"ಅವತ್ತು ಅಂಗ್ಡಿ ಗಾಜ್ನಾಗೆ ನೋಡ್ದಾಗ. ನನ್ ಲೈಟ್ ನಂಗ್ ಗೊತ್ತಾಗಲ್ವಾ ಮಾವ?"

"ಹೇಳಲಿಲ್ಲವಲ್ಲೇ."

"ಮೇಘನ ಪಕ್ದಲ್ಲೇ ನಿಂತಿದ್ಲಲ್ಲ. 'ನಮ್ಮಪ್ಪ ತೆಗ್ದಿದ್ದು' ಅಂತಿದ್ಲು."

ಅಷ್ಟರಲ್ಲಿ ಯಾರೋ ಕರೆದರು. ನಾಳೆ ಮಗಳ ಧಾರೆ.

ನವೆಂಬರ್ 26

ಮನೆ ಖಾಲಿ. ಅರ್ಪಿತ ಧಾರೆಯ ಫೋಟೋ ಕಳಿಸಿದಳು.

ನಾನು. ಕೈಯಲ್ಲಿ ಕ್ಯಾಮೆರಾ ಇಲ್ಲ, ಹಾಲಿನ ಗಿಂಡಿ ಇದೆ. ಅಳುತ್ತಿದ್ದೇನೆ, ಬಾಯಿ ಸೊಟ್ಟಗೆ. ಅವಳ ಬೆಳಕು ಹಿಂದಿನಿಂದ ಬಂದು ಹಾಲಿನ ಎಳೆಯ ಮೇಲೆ ಬಿದ್ದಿದೆ. ಮೇಘನ ಕಾಯಿ ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ. ಆಗ ನನಗೆ ಗೊತ್ತೇ ಆಗಿರಲಿಲ್ಲ. ನಾನು ತೆಗೆದಿದ್ದರೆ ಈ ಫೋಟೋದಲ್ಲಿ ಹೊನ್ನಪ್ಪಣ್ಣ ಇರುತ್ತಿದ್ದ.

ಹೊಟ್ಟೆ ಇನ್ನೂ ಉರಿಯುತ್ತದೆ, ಸುಳ್ಳು ಯಾಕೆ ಬರೆಯಲಿ. ಈಗ ಉರಿ ಅವಳು ಸುಮ್ಮನಿದ್ದಳಲ್ಲ, ಅದಕ್ಕೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಛತ್ರದ ನಡುವೆ ನಿಂತು ಕೂಗಿ ಹೇಳುತ್ತಿದ್ದೆ.

ಕೆ.ಆರ್.ಪೇಟೆಯ ಹೆಣ್ಣಿನ ಕಡೆಯವರಿಗೆ ಫೋನ್ ಮಾಡಿದೆ. ತಪ್ಪು ಅವಳದಲ್ಲ, ನನ್ನದು ಅಂದೆ. ಆ ತಾತನ ಧಾರೆ ನನ್ನ ಕ್ಯಾಮೆರಾ ಕಾರ್ಡಿನಲ್ಲಿ ಎಡಗಡೆಯ ಫ್ಲ್ಯಾಶಿನ ಬೆಳಕೊಂದರಲ್ಲೇ ಇದೆ, ಸುಣ್ಣ ಬಳಿದ ಹಾಗೆ. ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ ಅಂದೆ. ಅತ್ತರು, ಕೊಡಿ ಅಂದರು.

ಗಾಜಿನೊಳಗಿನ ಫೋಟೋ ಇಳಿಸಿದೆ. ನನ್ನ ಹೆಸರಿನ ಚೀಟಿ ಕಿತ್ತೆ. ಬೇರೆ ಚೀಟಿ ಅಂಟಿಸಿ ಮತ್ತೆ ಅಲ್ಲೇ ನಿಲ್ಲಿಸಬೇಕು. ಮೇಘನ ತವರಿಗೆ ಬಂದಾಗ ಓದುತ್ತಾಳೆ, ಓದಲಿ. ಇಲ್ಲಿ ಮೊದಲು ಬರೆದು ನೋಡುತ್ತೇನೆ, ಎರಡನೇ ಸಾಲಿಗೆ ನನ್ನ ಹೆಸರು ಹಾಕಲು ಮನಸ್ಸು ಬರುತ್ತದಾ ಅಂತ —

ಬೆಳಕು: ಅರ್ಪಿತ, ನಾಗಮಂಗಲ.
ಫೋಟೋ: