ನಡುನೋವಿನ ಬಗ್ಗೆ ಯಾರನ್ನು ಕೇಳಬೇಕು

ಈರಣ್ಣಾ,

ನಿನ್ನೆ ಬೆಳಗಾವಿಯ ಡಾಕ್ಟರು ನನ್ನ ನಡುನೋವಿನ ಬಗ್ಗೆ ನಿನ್ನನ್ನು ಕೇಳಿದರು. "ಸೆರೆಬ್ರಲ್ ಪಾಲ್ಸಿ ಐತಲ್ರೀ, ಹುಟ್ಟಿದಾಗಿಂದ ಹಂಗ" ಅಂದೆ ನೀನು. ಅವರು ನೋವಿನ ಗುಳಿಗೆ ಬರೆದು ಕಳಿಸಿದರು.

ಈ ನೋವು ಹುಟ್ಟಿನದಲ್ಲ, ದೀಪಾವಳಿಯ ನಂತರ ಬಂದದ್ದು. ನನ್ನ ಹಾಗೆ ವರ್ಷಗಟ್ಟಲೆ ಫಿಟ್ಸಿನ ಗುಳಿಗೆ ನುಂಗಿದವರಿಗೆ, ಬಿಸಿಲು ಕಾಣದವರಿಗೆ ಡಿ ವಿಟಮಿನ್ ಕಡಿಮೆಯಾಗಿ ಎಲುಬು ಸವೆಯಬಹುದೆಂದು ನಮ್ಮ ಓದುಬಳಗದಲ್ಲಿ ಓದಿದ್ದೇವೆ. ಅಂಗಳದಲ್ಲಿ ನನ್ನ ಖುರ್ಚಿ ಹಾಕು ಅಂದಾಗಲೆಲ್ಲ "ಮಂದಿ ನೋಡ್ತಾರ, ಒಳಗ ಕುಂದರು" ಅಂದವನೂ ನೀನೇ. ಮೂವತ್ತೆಂಟು ವರ್ಷದ ತಂಗಿಯನ್ನು ಮಂದಿ ನೋಡಿದರೆ ನಿನ್ನದೇನು ಸವೆಯುತ್ತದೆ?

ರಕ್ತ ಪರೀಕ್ಷೆ ಮಾಡಿಸಲು ಮತ್ತೆ ಬೆಳಗಾವಿಯ ಆ ಆಸ್ಪತ್ರೆಗೇ ಹೊರಟಿದ್ದೇನೆ. ಬಳಗದ ಕುಂದಾ ಕಾರು ತಂದಿದ್ದಾಳೆ. ಖಾನಾಪುರ ದಾಟುವ ಮೊದಲೇ ಫೋನ್ ಮಾಡಿ ಬೈಯಬೇಡ.

ಫಿಟ್ಸಿನ ಗುಳಿಗೆ ನನ್ನ ಚೀಲದಲ್ಲಿದೆ.

ಬುಟ್ಟಿಯಲ್ಲಿ ರೊಟ್ಟಿ ಇವೆ, ಪುಂಡಿಪಲ್ಯ ಬಿಸಿ ಮಾಡಿಕೋ. ನಿನ್ನ ಬೆನ್ನಿಗೂ ಎಣ್ಣೆ ಹಚ್ಚಿಕೋ. ನನ್ನನ್ನು ಎತ್ತಿ ಎತ್ತಿ ಅದೂ ಹೋಗಿದೆ, ನನಗೆ ಗೊತ್ತು.

ಈಗಷ್ಟೇ ಆಸ್ಪತ್ರೆಗೆ ಫೋನ್ ಮಾಡಿದೆ. ನನ್ನ ತೊದಲು ಕೇಳಿ ಅಲ್ಲಿಯ ಹುಡುಗಿ, "ನಿನ್ನೆ ಬಂದಿದ್ರಲ್ಲ, ಆ ಅಣ್ಣಾರನ್ನ ಕರ್ಕೊಂಡು ಬರ್ರಿ, ಅವ್ರು ಮಾತಾಡ್ಲಿ" ಅಂದಳು.

"ಕರ್ಕೊಂಡು ಬರಂಗಿಲ್ರೀ" ಅಂದೆ. "ತಡಾ ಆದ್ರೂ ನಾನೇ ಹೇಳಾಕಿ. ಡಾಕ್ಟರು ಕುಂತು ಕೇಳ್ಲಿ."

ನೀಲಾಂಬಿಕಾ