ಒಬ್ಬಳೇ ನಾಯಕಿ, ಮೂರು ದೋಣಿ

ಕಾಡುನದಿಯ ಅನುಮತಿ ಕೊಡುವ, ಅಂದರೆ ಕೊಡದಿರುವ, ಮಾನ್ಯ ಅಧಿಕಾರಿಗಳೇ,

ಕಾಡಿನೊಳಗಿನ ನದಿಯಲ್ಲಿ ಎರಡು ದಿನ ಹುಟ್ಟು ಹಾಕಿಕೊಂಡು ಹೋಗಿಬರಲು ನಾವು ಆರು ಮಂದಿ ಹೆಂಗಸರು ಕೇಳಿದ ಅನುಮತಿಯನ್ನು ತಾವು ಮೂರನೆಯ ಸಲ ತಿರಸ್ಕರಿಸಿದ್ದೀರಿ. ಅಭಿನಂದನೆಗಳು! ಸುಳಿಗೂ ಬಂಡೆಗೂ ಆಗದ ಕೆಲಸವನ್ನು ತಮ್ಮ ಕಚೇರಿ ಫ್ಯಾನಿನ ಕೆಳಗೆ ಕುಳಿತೇ ಸಾಧಿಸಿದೆ.

ಮೊದಲ ತಿರಸ್ಕಾರಕ್ಕೆ ಕಾರಣ ತಮ್ಮ ಅಮೋಘ ನಿಯಮ: ತಂಡಕ್ಕೆ ಒಬ್ಬರೇ ನಾಯಕರು, ಆ ನಾಯಕರು ಪ್ರತಿ ದೋಣಿಯಲ್ಲಿಯೂ ಉಪಸ್ಥಿತರಿರತಕ್ಕದ್ದು. ನಮ್ಮದು ಮೂರು ದೋಣಿ. ನಾಯಕಿ ನಾನು, ಬೇಕರಿ ನಡೆಸುವವಳು. ಏಕಕಾಲಕ್ಕೆ ಮೂರು ಓವನ್ ನೋಡಿಕೊಂಡು ಅಭ್ಯಾಸವಿದೆ ನಿಜ, ಆದರೆ ಮೂರು ದೋಣಿಯಲ್ಲಿ ಒಟ್ಟಿಗೇ ಕೂರುವಂಥ ಶರೀರವನ್ನು ದೇವರು ನನಗೆ ದಯಪಾಲಿಸಿಲ್ಲ. ಇದನ್ನು ತಮ್ಮ ಗುಮಾಸ್ತರಿಗೆ ವಿನಯದಿಂದಲೇ ನಿವೇದಿಸಿಕೊಂಡೆ. ಅವರು ತಲೆ ಎತ್ತದೆ, "ರೂಲ್ಸ್ ನಾನ್ ಬರ್ದಿದ್ದಲ್ಲ ಮೇಡಂ. ಮೂರನ್ನೂ ಹಗ್ಗ ಹಾಕಿ ಕಟ್ಟಿಬಿಡಿ, ಒಂದೇ ದೋಣಿ ಆಗೋಯ್ತು" ಎಂದರು.

ನಾನೂ ಪೆದ್ದಿ, ನಂಬಿದೆ. ಬಾಡಿಗೆಗೆ ದೋಣಿ ಕೊಡುವವನು ಮಾತ್ರ ತಲೆ ಚಚ್ಚಿಕೊಂಡ. "ಅಲ್ಲಕ್ಕಾ, ತಿರುವು ಬಂದ್ರೆ ಹೇಗೆ ತಿರುಗಿಸ್ತೀರಾ? ಒಂದು ಮಗುಚಿದ್ರೆ ಮೂರೂ ಮಗುಚ್ತವೆ. ಆ ಪುಣ್ಯಾತ್ಮ ಯಾವತ್ತಾದ್ರೂ ನೀರಿಗಿಳಿದಿದ್ದಾನಾ?" ಆದರೂ ನಾನು ಕಟ್ಟಿದ ದೋಣಿಗಳ ಚಿತ್ರ ಬರೆದು ಅರ್ಜಿಗೆ ಲಗತ್ತಿಸಿದೆ. ಎಡಗಡೆಯ ಮೇಜು ಕೊಟ್ಟ ಸಲಹೆಗೆ ಬಲಗಡೆಯ ಮೇಜಿನಿಂದ ಉತ್ತರ ಬಂತು: ಜೋಡಿಸಿದ ದೋಣಿಗಳನ್ನು ತೆಪ್ಪವೆಂದು ಪರಿಗಣಿಸಲಾಗುವುದು, ತೆಪ್ಪ ನಿಷಿದ್ಧ. ಸರಿ, ಇಬ್ಬಿಬ್ಬರಂತೆ ಮೂರು ತಂಡ, ಮೂವರು ನಾಯಕಿಯರು ಎಂದು ಮತ್ತೆ ಬರೆದೆವು. ತಂಡದಲ್ಲಿ ಕನಿಷ್ಠ ಆರು ಮಂದಿ ಇರಬೇಕೆಂದು ಮೂರನೆಯ ತಿರಸ್ಕಾರ. ಸ್ವಾಮೀ, ಈ ನಿಯಮಗಳನ್ನೆಲ್ಲ ಬರೆದವರು ಒಬ್ಬರೇನಾ, ಅಥವಾ ಪರಸ್ಪರ ಮಾತು ಬಿಟ್ಟ ದಾಯಾದಿಗಳೇ?

ಅಷ್ಟು ಅವಸರವೇನು, ಮುಂದಿನ ವರ್ಷ ಹೋದರಾಯಿತಲ್ಲ ಎಂದು ತಮಗನ್ನಿಸಬಹುದು. ಅವಸರ ನನ್ನದಲ್ಲ, ನನ್ನ ಅಕ್ಕನದು. ಆಕೆ ಗಡಿಯಾರ ರಿಪೇರಿ ಮಾಡುವವಳು. ಮದುವೆಗೆ ಮುಂಚಿನಿಂದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹೆಬ್ಬೆರಳಗಲದ ಜಗತ್ತನ್ನೇ ನೋಡುತ್ತ ಬಂದವಳು. ಈಗ ಬಲಗಣ್ಣು ಹೋಗಿದೆ, ಎಡಗಣ್ಣೂ ಹೊರಟು ನಿಂತಿದೆ. ಡಾಕ್ಟರು ಸುತ್ತಿಬಳಸದೆ ಹೇಳಿದರು: "ಈ ಕಣ್ಣೂ ಈ ವರ್ಷ ಕಳೆಯೋದು ಕಷ್ಟ. ಏನಾದ್ರೂ ನೋಡ್ಬೇಕು ಅಂತಿದ್ರೆ ಈಗ್ಲೇ ನೋಡಿಬಿಡಿ." ಮನೆಗೆ ಬಂದು ಅಕ್ಕ ಬಾಗಿಲ ಬೀಗ ತೆಗೆಯುತ್ತ, "ನಂಗೆ ಒಂದ್ಸಲ ದೂರ ನೋಡ್ಬೇಕು ಕಣೆ, ಗೋಡೆ ಇಲ್ದೇ ಇರೋ ಕಡೆ" ಎಂದಳು. ಆಕೆ ಏನನ್ನಾದರೂ ಬೇಕು ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಅದಕ್ಕೇ ಈ ದೋಣಿ, ಈ ಗೆಳತಿಯರು, ತಮ್ಮ ಕಚೇರಿಯ ಮೆಟ್ಟಿಲು.

ತಮ್ಮ ಮೊದಲ ಎರಡು ತಿರಸ್ಕಾರಪತ್ರಗಳನ್ನು ಅಕ್ಕ ತಾನೇ ಓದಿದ್ದಳು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಮೂರನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಒಯ್ದು, ಕೊನೆಗೆ ನನ್ನ ಕೈಗಿತ್ತಳು. "ಏನಂತೆ? ನೀನೇ ಓದಿಬಿಡು." ನನಗೆ ಓದಲಾಗಲಿಲ್ಲ ಸ್ವಾಮಿ. ಅನುಮತಿ ಸಿಕ್ಕಿತು ಎಂದು ಸುಳ್ಳು ಹೇಳಿದ್ದೇನೆ. ಆಕೆ ಅಂದಿನಿಂದ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾಳೆ.

ಆದ್ದರಿಂದ ನನ್ನ ಆಗ್ರಹ ಇಷ್ಟೇ: ಈ ವಾರದೊಳಗೆ ಆ ಸುಳ್ಳನ್ನು ನಿಜ ಮಾಡಿ. ನಿಯಮಗಳು ತಮ್ಮತಮ್ಮಲ್ಲಿ ರಾಜಿಯಾದ ಮೇಲೆಯೇ ಸಹಿ ಹಾಕುವುದಾದರೆ, ಆ ದಿನ ತಾವೇ ಖುದ್ದಾಗಿ ಬರಬೇಕು. ಅಕ್ಕನ ದೋಣಿಯಲ್ಲಿ ಆಕೆಯ ಎದುರು ಕುಳಿತು, ದೂರದಲ್ಲಿ ಏನೇನು ಕಾಣುತ್ತಿದೆ ಎಂದು ಒಂದನ್ನೂ ಬಿಡದೆ ಹೇಳುತ್ತ ಹೋಗಬೇಕು.

ಇಂತಿ,
'ತಮ್ಮ ವಿಧೇಯಳು' ಎಂದು ಬರೆಯಲು ಕೈ ಬಾರದ,
ಗಡಿಯಾರ ರಿಪೇರಿಯವಳ ತಂಗಿ